ಹಳೆಯ ಮಾತು, ಹೊಸ ಮಾತು: ಯಾವ ಅಳತೆಗೋಲಿನಿಂದ ಅಳೆಯೋಣ?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈಗಿನ ಕಾಲದಲ್ಲಿ ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಆಡಿದ್ದು ಕೂಡ ಫೋನಿನಲ್ಲಿ ಮತ್ತೆ ಎದ್ದು ಬಂದು ಎದುರಿಗೆ ನಿಲ್ಲುತ್ತದೆ.

ಕೆಲವು ವಾರಗಳ ಹಿಂದೆ ಒಂದು ಭಾನುವಾರ, ಕನ್ನಡ ಬಲಿಪೂಜೆ ಮುಗಿದ ಮೇಲೆ ನಾವು ಏಳೆಂಟು ಜನ ದೇವಾಲಯದ ಪಕ್ಕದ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದೆವು. ಮೊದಲ ತಮಿಳು ಪೂಜೆಗೆ ಬಂದವರೂ ಒಂದಿಬ್ಬರು ಉಳಿದುಕೊಂಡಿದ್ದರು. ಮಗ ಸೊಸೆ ಅಮೆರಿಕದಲ್ಲಿರುವ ಹಿರಿಯರೊಬ್ಬರ ಫೋನಿಗೆ ಎರಡು ವಿಡಿಯೊ ತುಣುಕುಗಳು ಬಂದಿದ್ದವು. ಎರಡರಲ್ಲೂ ಇದ್ದವರು ಬರಾಕ್ ಒಬಾಮಾ. 2008ರ ತುಣುಕಿನಲ್ಲಿ, ವಿವಾಹವೆಂದರೆ ಒಬ್ಬ ಗಂಡು ಮತ್ತು ಒಬ್ಬಳು ಹೆಣ್ಣಿನ ಬಂಧ, ಕ್ರೈಸ್ತನಾದ ತನಗೆ ಅದು ಪವಿತ್ರ ಎನ್ನುತ್ತಾರೆ. 2012ರ ತುಣುಕಿನಲ್ಲಿ, ಸಲಿಂಗಿಗಳಿಗೂ ಮದುವೆಯಾಗುವ ಅವಕಾಶ ಇರಬೇಕು ಎನ್ನುತ್ತಾರೆ.

"ನೋಡಿದ್ರಾ? ಬಾಯಿ ಒಂದು, ನಾಲಿಗೆ ಎರಡು" ಎಂದರು ಹಿರಿಯರು.

"ಬುದ್ಧಿ ಬಂದ ಮೇಲೆ ಮನುಷ್ಯ ಬದಲಾಗಬಾರದೇ ಅಣ್ಣ?" ಎಂದರು ಇನ್ನೊಬ್ಬರು.

ಚರ್ಚೆ ಅರ್ಧ ಗಂಟೆ ನಡೆಯಿತು. ಯಾರು ಯಾವಾಗ ಏನು ಹೇಳಿದ್ದರು, ಯಾರು ಯಾವ ಕಡೆ ಮತ ಹಾಕಿದ್ದರು ಎಂದು ಪಟ್ಟಿ ಬೆಳೆಯಿತು. ನಡುವೆ ಸಲಿಂಗಿಗಳ ಬಗ್ಗೆ ಒಂದೆರಡು ಹಗುರವಾದ ಮಾತುಗಳೂ ಬಂದವು. ನಾವೆಲ್ಲ ನಕ್ಕೆವು. ಲೋಟಗಳನ್ನು ಎತ್ತಿಕೊಳ್ಳಲು ಬಂದ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಒಂದು ಕ್ಷಣ ನಿಂತರು. "ನೀವು ಆ ದೊಡ್ಡವರ ಲೆಕ್ಕ ನೋಡ್ತಾ ಇದ್ದೀರಿ. ಆ ಮಕ್ಕಳ ಲೆಕ್ಕ ಯಾರು ನೋಡ್ತಾರೆ?" ಎಂದು ಕೇಳಿ ಒಳಗೆ ಹೋದರು. ಜಗಲಿ ಸುಮ್ಮನಾಯಿತು. ಈ ಬರಹ ಆ ಪ್ರಶ್ನೆಯಿಂದ ಹುಟ್ಟಿದ್ದು.

ರಾಜಕಾರಣಿಗಳ ಹಳೆಯ ಮಾತನ್ನು ಕೆದಕುವುದು ತಪ್ಪೇ? ತಪ್ಪಲ್ಲ ಎಂದೇ ನಾವು ಭಾವಿಸುತ್ತೇವೆ. ಗಡಿಯ ಈಚೆ ಕನ್ನಡದವರಾಗಿ ಉಳಿದಿರುವ ನಮಗೆ ಇದು ಹೊಸತೂ ಅಲ್ಲ. ಕಳೆದ ಚುನಾವಣೆಯಲ್ಲಿ ಕನ್ನಡ ಶಾಲೆಗೆ ಮೇಷ್ಟ್ರನ್ನು ಕೊಡಿಸುತ್ತೇವೆ ಎಂದವರು ಯಾರು, ಕೊಡಿಸಿದವರು ಯಾರು ಎಂದು ನಾವು ನೆನಪಿಟ್ಟುಕೊಳ್ಳುತ್ತೇವೆ. ನೆನಪಿಟ್ಟುಕೊಳ್ಳದ ಮತದಾರನಿಗೆ ಯಾರೂ ಉತ್ತರ ಕೊಡಬೇಕಿಲ್ಲ. ಆದ್ದರಿಂದ ಪ್ರಶ್ನೆ ಇರುವುದು ನೆನಪಿನ ಬಗ್ಗೆ ಅಲ್ಲ. ನೆನಪಿಟ್ಟದ್ದನ್ನು ಯಾವ ಅಳತೆಗೋಲಿನಿಂದ ಅಳೆಯುತ್ತೇವೆ ಎಂಬುದರ ಬಗ್ಗೆ.

ಅಮೆರಿಕದ ಕಥೆಯನ್ನು ಸ್ವಲ್ಪ ಬಿಡಿಸಿ ನೋಡೋಣ. 1996ರಲ್ಲಿ ಅಲ್ಲಿನ ಸಂಸತ್ತು ವಿವಾಹ ಸಂರಕ್ಷಣಾ ಕಾಯಿದೆ ಎಂಬುದನ್ನು ಅಂಗೀಕರಿಸಿತು. ಕೇಂದ್ರ ಸರ್ಕಾರದ ಮಟ್ಟಿಗೆ ವಿವಾಹವೆಂದರೆ ಗಂಡು ಹೆಣ್ಣಿನ ವಿವಾಹ ಮಾತ್ರ, ಒಂದು ರಾಜ್ಯ ಸಲಿಂಗ ವಿವಾಹವನ್ನು ಒಪ್ಪಿದರೂ ಇನ್ನೊಂದು ರಾಜ್ಯ ಒಪ್ಪಬೇಕಿಲ್ಲ ಎಂಬುದು ಅದರ ತಿರುಳು. ಆಗ ಅಮೆರಿಕದ ಯಾವ ರಾಜ್ಯದಲ್ಲೂ ಸಲಿಂಗ ವಿವಾಹ ಇರಲಿಲ್ಲ. ಕೆಳಮನೆಯಲ್ಲಿ 342 ಮತ ಪರವಾಗಿ, 67 ವಿರುದ್ಧ. ಸೆನೆಟ್‌ನಲ್ಲಿ 85 ಪರವಾಗಿ, 14 ವಿರುದ್ಧ. ಸಹಿ ಹಾಕಿದವರು ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಬಿಲ್ ಕ್ಲಿಂಟನ್. ಪರವಾಗಿ ಮತ ಹಾಕಿದವರಲ್ಲಿ ಆಗಿನ ಸೆನೆಟರ್, ನಮ್ಮಂತೆಯೇ ಕಥೋಲಿಕರಾದ ಜೋ ಬೈಡನ್ ಕೂಡ ಇದ್ದರು. ಅದೇ ಬೈಡನ್ 2022ರ ಡಿಸೆಂಬರ್ 13ರಂದು ಅಧ್ಯಕ್ಷರಾಗಿ, ಆ ಕಾಯಿದೆಯನ್ನು ರದ್ದುಪಡಿಸುವ ಹೊಸ ಕಾಯಿದೆಗೆ ಸಹಿ ಹಾಕಿದರು. ಅಲ್ಲಿನ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ಈ ಹೊಸ ಕಾಯಿದೆಯನ್ನು ವಿರೋಧಿಸಿತ್ತು.

ಒಬಾಮಾ ಅವರ ದಾರಿ ಇನ್ನೂ ತಿರುವುಗಳದ್ದು. 1996ರಲ್ಲಿ ಇಲಿನಾಯ್ ರಾಜ್ಯದ ಸೆನೆಟ್‌ಗೆ ಸ್ಪರ್ಧಿಸಿದಾಗ, ಪತ್ರಿಕೆಯೊಂದರ ಪ್ರಶ್ನಾವಳಿಗೆ ಉತ್ತರವಾಗಿ ಸಲಿಂಗ ವಿವಾಹವನ್ನು ಕಾನೂನುಬದ್ಧ ಮಾಡುವುದಕ್ಕೆ ತಾನು ಪರ ಎಂದು ಬರೆದುಕೊಟ್ಟಿದ್ದರು. 2008ರಲ್ಲಿ ರಿಕ್ ವಾರನ್ ಎಂಬ ಪ್ರಸಿದ್ಧ ಬೋಧಕರ ಸಭಾಲಯದಲ್ಲಿ, ಸಾವಿರಾರು ವಿಶ್ವಾಸಿಗಳ ಎದುರು, ವಿರುದ್ಧ ಎಂಬಂತೆ ಮಾತಾಡಿದರು. 2012ರ ಮೇ 9ರಂದು ಮತ್ತೆ ಪರ ಎಂದರು. ಅವರ ಆಪ್ತ ಸಲಹೆಗಾರರಾಗಿದ್ದ ಡೇವಿಡ್ ಆಕ್ಸೆಲ್‌ರಾಡ್ 2015ರಲ್ಲಿ ಬರೆದ ಪುಸ್ತಕದಲ್ಲಿ, ಒಬಾಮಾ ಮನಸ್ಸಿನಲ್ಲಿ ಮೊದಲಿನಿಂದಲೂ ಪರವಾಗಿಯೇ ಇದ್ದರು, ಚುನಾವಣೆಯ ಲೆಕ್ಕಾಚಾರದಿಂದ ಅದನ್ನು ಮುಚ್ಚಿಟ್ಟರು ಎಂದು ಹೇಳಿದ್ದಾರೆ. ಹಾಗಲ್ಲ ಎಂದು ಒಬಾಮಾ ಉತ್ತರಿಸಿದ್ದಾರೆ.

ಹಾಗಾದರೆ ದಾಖಲೆ ಚೊಕ್ಕಟವಾಗಿರುವವರು ಯಾರು? ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. ಬರ್ನಿ ಸ್ಯಾಂಡರ್ಸ್ 1996ರಲ್ಲಿ ವಿರುದ್ಧ ಮತ ಹಾಕಿದ 67 ಜನರಲ್ಲಿ ಒಬ್ಬರು. ಆದರೆ ಆ ಮತ ಸಲಿಂಗಿಗಳ ಹಕ್ಕಿಗಾಗಿಯೋ, ರಾಜ್ಯಗಳ ಅಧಿಕಾರಕ್ಕಾಗಿಯೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಕಥೋಲಿಕರಾದ ಜಾನ್ ಕೆರಿ ಅವರದು ಇನ್ನೊಂದು ಬಗೆ. ಆ ವರ್ಷ ಮರುಚುನಾವಣೆ ಎದುರಿಸುತ್ತಿದ್ದ ಸೆನೆಟರುಗಳಲ್ಲಿ ಕಾಯಿದೆಯ ವಿರುದ್ಧ ಮತ ಹಾಕಿದವರು ಅವರೊಬ್ಬರೇ. ಆದರೂ ಸಲಿಂಗ ವಿವಾಹಕ್ಕೆ ತನ್ನ ಸಮ್ಮತಿ ಇಲ್ಲ ಎಂದೇ ಅವರು ಆಗ ಹೇಳುತ್ತಿದ್ದರು. ವಿವಾಹದ ಬಗ್ಗೆ ತನ್ನ ನಂಬಿಕೆ ಒಂದು, ಕೆಲವರನ್ನು ಗುರಿಯಾಗಿಟ್ಟು ಕಾನೂನು ಮಾಡುವುದು ಇನ್ನೊಂದು ಎಂಬುದು ಅವರ ನಿಲುವು.

ಈ ಎರಡನೆಯ ಮಾತು ನಮಗೆ ಮುಖ್ಯ. ಜಗಲಿಯ ಚರ್ಚೆಯಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಗೋಣಿಗೆ ತುಂಬಿದ್ದೆವು. ಮೊದಲನೆಯದು, ಸಲಿಂಗಿಯಾಗಿರುವವನನ್ನು ಅಪರಾಧಿ ಎಂದು ಜೈಲಿಗೆ ಹಾಕಬೇಕೇ ಎಂಬುದು. ಎರಡನೆಯದು, ಸರ್ಕಾರದ ರಿಜಿಸ್ಟರಿನಲ್ಲಿ ಅಂಥ ಜೋಡಿಯ ಹೆಸರು ದಾಖಲಾಗಬೇಕೇ ಎಂಬುದು. ಮೂರನೆಯದು, ದೇವಾಲಯದ ಪೀಠದ ಮುಂದೆ ನಡೆಯುವ ವಿವಾಹ ಸಂಸ್ಕಾರ. ಮೂರನೆಯದರಲ್ಲಿ ಧರ್ಮಸಭೆಯ ಬೋಧನೆ ಬದಲಾಗಿಲ್ಲ. ಅದು ಗಂಡು ಹೆಣ್ಣಿನ ಆಜೀವ ಒಡಂಬಡಿಕೆ. ಎರಡನೆಯದರಲ್ಲೂ ಧರ್ಮಸಭೆಯ ವಿರೋಧ ತಿಳಿದದ್ದೇ. ಆದರೆ ಮೊದಲನೆಯದರಲ್ಲಿ? ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2358ನೆಯ ಪರಿಚ್ಛೇದ, ಇವರನ್ನು ಗೌರವದಿಂದ, ಅನುಕಂಪದಿಂದ, ನಯದಿಂದ ಬರಮಾಡಿಕೊಳ್ಳಬೇಕು, ಅನ್ಯಾಯದ ಭೇದಭಾವ ತೋರಬಾರದು ಎಂದು ಕಲಿಸುತ್ತದೆ. ಸಲಿಂಗಿಯಾಗಿರುವುದು ಅಪರಾಧವಲ್ಲ ಎಂದು ಪೋಪ್ ಫ್ರಾನ್ಸಿಸರು 2023ರ ಜನವರಿಯಲ್ಲಿ ಸಂದರ್ಶನವೊಂದರಲ್ಲಿ ಸ್ಪಷ್ಟವಾಗಿ ಹೇಳಿದರು.

ಒಬ್ಬ ನಾಯಕನ ದಾಖಲೆಯನ್ನು ನೋಡುವಾಗ ಮೊದಲು ಕೇಳಬೇಕಾದದ್ದು, ಅವನು ಮಾತಾಡಿದ್ದು ಈ ಮೂರರಲ್ಲಿ ಯಾವುದರ ಬಗ್ಗೆ ಎಂದು. ಸಂಸ್ಕಾರದ ಪಾವಿತ್ರ್ಯದ ಹೆಸರು ಹೇಳಿ ಒಬ್ಬ ಮನುಷ್ಯನನ್ನು ಜೈಲಿಗೆ ತಳ್ಳುವ ಕಾನೂನಿಗೆ ಕೈ ಎತ್ತಿದವನನ್ನು ನಾವು ನಮ್ಮವನೆಂದು ಹೊಗಳಬೇಕಿಲ್ಲ.

ಇನ್ನು ಬದಲಾವಣೆಯ ಪ್ರಶ್ನೆ. ಸಂತ ಮತ್ತಾಯರ ಶುಭಸಂದೇಶದ 21ನೆಯ ಅಧ್ಯಾಯದಲ್ಲಿ ಇಬ್ಬರು ಮಕ್ಕಳ ಸಾಮತಿ ಇದೆ. ದ್ರಾಕ್ಷಿ ತೋಟಕ್ಕೆ ಹೋಗಿ ಕೆಲಸ ಮಾಡು ಎಂದು ತಂದೆ ಹೇಳಿದಾಗ ಒಬ್ಬ ಮಗ ಹೋಗುವುದಿಲ್ಲ ಎಂದ, ಆಮೇಲೆ ಮನಸ್ಸು ಬದಲಿಸಿ ಹೋದ. ಇನ್ನೊಬ್ಬ ಹೋಗುತ್ತೇನಪ್ಪಾ ಎಂದು ವಿನಯದಿಂದ ಹೇಳಿ ಹೋಗಲೇ ಇಲ್ಲ. ಆಗ ಫೋನುಗಳಿದ್ದಿದ್ದರೆ ಮೊದಲನೆಯವನ ಹಳೆಯ ಮಾತಿನ ವಿಡಿಯೊವನ್ನೇ ಊರೆಲ್ಲ ಹಂಚುತ್ತಿತ್ತು. ಪ್ರಭು ಯೇಸು ಮಾತ್ರ ಕೊನೆಗೆ ತೋಟದಲ್ಲಿ ಇದ್ದವನು ಯಾರು ಎಂದು ನೋಡಿದರು. ಮನಸ್ಸು ತಿರುಗಿಸಿಕೊಳ್ಳುವುದು ನಮ್ಮ ಧರ್ಮದಲ್ಲಿ ಅವಮಾನದ ಸಂಗತಿಯಲ್ಲ. ಪ್ರತಿ ತಪಸ್ಸುಕಾಲದಲ್ಲೂ ನಾವು ಬೇಡುವುದೇ ಅದನ್ನು.

ಆದರೆ ತಿರುಗಿದ್ದೆಲ್ಲ ಮನಪರಿವರ್ತನೆಯಲ್ಲ. ಗಾಳಿ ಬಂದಾಗ ತೂರಿಕೊಳ್ಳುವವರೂ ಇದ್ದಾರೆ. ಗ್ಯಾಲಪ್ ಸಂಸ್ಥೆಯ ಸಮೀಕ್ಷೆಯಲ್ಲಿ 1996ರಲ್ಲಿ ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಬೇಕೆಂದ ಅಮೆರಿಕನ್ನರು ಶೇಕಡ 27. 2011ರಲ್ಲಿ ಮೊದಲ ಬಾರಿಗೆ ಅದು ಅರ್ಧವನ್ನು ದಾಟಿತು. ಮರುವರ್ಷದಿಂದ ನಾಯಕರ ಮನಸ್ಸುಗಳು ಒಂದರ ಹಿಂದೆ ಒಂದು ಬದಲಾಗತೊಡಗಿದವು. ಇದರಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ತಿಳಿಯುವುದು ಹೇಗೆ?

ನಮ್ಮ ಕೈಯಲ್ಲಿ ಒಂದು ಹಳೆಯ ಅಳತೆಗೋಲು ಇದೆ. ಪಾಪನಿವೇದನೆಗೆ ಸಿದ್ಧವಾಗುವಾಗ ಧರ್ಮೋಪದೇಶದ ತರಗತಿಯಲ್ಲಿ ನಮಗೆ ಕಲಿಸಿದ್ದು: ಮನಸ್ಸಿನಲ್ಲಿ ಪಶ್ಚಾತ್ತಾಪ, ಬಾಯಿಯಲ್ಲಿ ನಿವೇದನೆ, ನಡೆಯಲ್ಲಿ ಪ್ರಾಯಶ್ಚಿತ್ತ. ಮನಸ್ಸಿನೊಳಗೆ ಇರುವುದು ದೇವರಿಗೆ ಬಿಟ್ಟದ್ದು. ಅಲ್ಲಿ ಇಣುಕುವ ಹಕ್ಕು ನಮಗಿಲ್ಲ. ಮಿಕ್ಕ ಎರಡು ಕಣ್ಣಿಗೆ ಕಾಣುತ್ತವೆ. ಹಿಂದೆ ಹೀಗೆ ಹೇಳಿದ್ದೆ, ಹೀಗೆ ಮತ ಹಾಕಿದ್ದೆ ಎಂದು ಆತ ಬಾಯಿಬಿಟ್ಟು ಒಪ್ಪಿಕೊಂಡನೇ, ಅಥವಾ ತಾನು ಸದಾ ಹೀಗೇ ಇದ್ದೆ ಎಂಬಂತೆ ನಟಿಸಿದನೇ? ತಾನು ಹೊಸದಾಗಿ ಕಂಡದ್ದಕ್ಕೆ ತಕ್ಕಂತೆ, ನಷ್ಟವಾದರೂ ಸರಿ ಎಂದು, ಏನಾದರೂ ಮಾಡಿದನೇ?

ಓಹಿಯೋ ರಾಜ್ಯದ ರಿಪಬ್ಲಿಕನ್ ನಾಯಕ ರಾಬ್ ಪೋರ್ಟ್‌ಮನ್ 1996ರ ಕಾಯಿದೆಗೆ ಪರವಾಗಿ ಮತ ಹಾಕಿದ್ದರು. ತಾನು ಸಲಿಂಗಿ ಎಂದು ಅವರ ಮಗ 2011ರಲ್ಲಿ ತಂದೆತಾಯಿಗೆ ತಿಳಿಸಿದ. 2013ರ ಮಾರ್ಚ್‌ನಲ್ಲಿ ಪೋರ್ಟ್‌ಮನ್ ಇದನ್ನು ಪತ್ರಿಕೆಯಲ್ಲಿ ಬರೆದು, ತನ್ನ ನಿಲುವು ಬದಲಾಗಿದೆ ಎಂದು ಹೇಳಿದರು. ಪಕ್ಷದ ಸಹಸದಸ್ಯರಲ್ಲಿ ಹೆಚ್ಚಿನವರು ಇನ್ನೊಂದು ಕಡೆ ಇದ್ದರು. 2022ರಲ್ಲಿ ಆ ಹಳೆಯ ಕಾಯಿದೆಯನ್ನು ತೆಗೆದುಹಾಕಲು ಮತ ಹಾಕಿದ ರಿಪಬ್ಲಿಕನ್ನರಲ್ಲಿ ಅವರೂ ಇದ್ದರು. ಮಗ ಸಲಿಂಗಿ ಎಂದು ಗೊತ್ತಾದ ಮೇಲೆ ಮಾತ್ರ ಕಣ್ಣು ತೆರೆಯಿತೇ, ಪರರ ಮಕ್ಕಳ ನೋವು ಆಗ ಕಾಣಲಿಲ್ಲವೇ ಎಂದು ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮಲ್ಲಿ ಎಷ್ಟು ಜನ ಸ್ವಂತ ಮನೆಯ ಹೊಸ್ತಿಲು ದಾಟಿ ಬಾರದ ನೋವನ್ನು ಅರ್ಥ ಮಾಡಿಕೊಂಡಿದ್ದೇವೆ?

ಬಿಲ್ ಕ್ಲಿಂಟನ್ ಕೂಡ 2013ರ ಮಾರ್ಚ್‌ನಲ್ಲಿಯೇ, ತಾನು ಸಹಿ ಹಾಕಿದ್ದ ಕಾಯಿದೆ ಸಂವಿಧಾನಕ್ಕೆ ಹೊಂದುವುದಿಲ್ಲ ಎಂದು ಬರೆದರು. ಸಹಿ ಹಾಕಿ ಹದಿನಾರು ವರ್ಷ ದಾಟಿತ್ತು. ಕೈಯಲ್ಲಿ ಅಧಿಕಾರ ಇರಲಿಲ್ಲ, ಕಳೆದುಕೊಳ್ಳುವುದೂ ಹೆಚ್ಚೇನಿರಲಿಲ್ಲ. ಆದರೂ ಬಾಯಿಬಿಟ್ಟು ಹೇಳಿದರು ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಒಬಾಮಾ 2012ರಲ್ಲಿ ಮಾತಾಡಿದ್ದು, ಉತ್ತರ ಕರೊಲಿನಾದ ಮತದಾರರು ಸಲಿಂಗ ವಿವಾಹಕ್ಕೆ ನಿಷೇಧವನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಿದ ಮರುದಿನ. ಚುನಾವಣೆಗೆ ಆರು ತಿಂಗಳಿತ್ತು. ಆ ಮಾತಿನಲ್ಲಿ ಅಪಾಯ ಇಲ್ಲದೆ ಇರಲಿಲ್ಲ.

ಇಲ್ಲಿ ನಮ್ಮ ಓದುಗರು ಒಂದು ಆಕ್ಷೇಪ ಎತ್ತಬಹುದು. ಧರ್ಮಸಭೆಯ ಬೋಧನೆಯನ್ನು ನಂಬುವ ನಮ್ಮ ಕಣ್ಣಿಗೆ ಇವರೆಲ್ಲ ಸರಿಯಾದ ಮಾತಿನಿಂದ ತಪ್ಪು ಮಾತಿಗೆ ಹೋದವರಲ್ಲವೇ? ಅಂಥವರಿಗೆ ಪಶ್ಚಾತ್ತಾಪದ ಅಳತೆ ಹೇಗೆ ಹೊಂದುತ್ತದೆ? ಆಕ್ಷೇಪ ಗಟ್ಟಿಯಾದದ್ದೇ. ನಮ್ಮ ಉತ್ತರ ಇಷ್ಟು: ಒಬ್ಬನ ನಿಲುವು ಸರಿಯೇ ಎಂಬುದು ಒಂದು ಪ್ರಶ್ನೆ, ಅವನು ಪ್ರಾಮಾಣಿಕನೇ ಎಂಬುದು ಇನ್ನೊಂದು. ಮನುಷ್ಯ ತನ್ನ ಅಂತಃಸಾಕ್ಷಿಗೆ ವಿಧೇಯನಾಗಿರಬೇಕು, ಆ ಅಂತಃಸಾಕ್ಷಿಯನ್ನು ಸತ್ಯದ ಬೆಳಕಿನಲ್ಲಿ ತಿದ್ದಿಕೊಳ್ಳುತ್ತಲೂ ಇರಬೇಕು ಎಂಬುದು ನಮ್ಮ ಧರ್ಮಸಭೆಯ ಬೋಧನೆ. ನಮ್ಮೊಂದಿಗೆ ಒಪ್ಪದೆ, ನಂಬಿದ್ದನ್ನೇ ನೇರವಾಗಿ ಹೇಳುವವನ ಜೊತೆ ನಾವು ವಾದ ಮಾಡಬಹುದು. ನಂಬದಿದ್ದರೂ ನಮಗೆ ಹಿತವಾಗುವುದನ್ನು ಹೇಳುವವನ ಜೊತೆ ವಾದಕ್ಕೂ ಜಾಗವಿಲ್ಲ.

2008ರ ಆ ಸಭಾಲಯದ ತುಣುಕನ್ನು ಈಗ ಮತ್ತೆ ನೋಡಿ. ಆಕ್ಸೆಲ್‌ರಾಡ್ ಬರೆದದ್ದು ನಿಜವೇ ಆಗಿದ್ದರೆ, ಆ ದಿನ ಮೋಸ ಹೋದವರು ಯಾರು? ಸಲಿಂಗಿಗಳು ಮಾತ್ರವಲ್ಲ. ಕ್ರೈಸ್ತನಾಗಿ ಹೇಳುತ್ತೇನೆ ಎಂಬ ಮಾತನ್ನು ನಂಬಿ ಚಪ್ಪಾಳೆ ತಟ್ಟಿದ ವಿಶ್ವಾಸಿಗಳೂ ಕೂಡ. ನಮ್ಮ ವಿಶ್ವಾಸದ ಮಾತುಗಳನ್ನು ಮತಕ್ಕಾಗಿ ಎರವಲು ಪಡೆದವರು ಯಾವ ಪಕ್ಷದವರಾದರೂ ನಮ್ಮನ್ನು ಗೌರವಿಸಿದಂತಾಗಲಿಲ್ಲ. ನಮಗೆ ಇಷ್ಟವಾದ ಮಾತು ಕೇಳಿಬಂದಾಗಲೇ ಹೆಚ್ಚು ಎಚ್ಚರವಾಗಿರಬೇಕು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ನಾಯಕರ ದಾಖಲೆಯಲ್ಲಿ ಒಂದು ಕಡೆ ಅವರ ಮಾತು ಇರುತ್ತದೆ. ಇನ್ನೊಂದು ಕಡೆ ಆ ಮಾತಿನ ಕೆಳಗೆ ಬದುಕಿದವರು ಇರುತ್ತಾರೆ. ನ್ಯೂಯಾರ್ಕಿನ ಈಡಿತ್ ವಿಂಡ್ಸರ್ ಮತ್ತು ಥಿಯಾ ಸ್ಪೈಯರ್ ನಲವತ್ತಕ್ಕೂ ಹೆಚ್ಚು ವರ್ಷ ಜೊತೆಗಿದ್ದರು. ಥಿಯಾ ಕಾಯಿಲೆ ಬಿದ್ದು ವರ್ಷಗಟ್ಟಲೆ ನರಳಿದಾಗ ಆರೈಕೆ ಮಾಡಿದವರು ಈಡಿತ್. 2007ರಲ್ಲಿ ಕೆನಡಾಕ್ಕೆ ಹೋಗಿ ಮದುವೆಯಾದರು. 2009ರಲ್ಲಿ ಥಿಯಾ ತೀರಿಕೊಂಡ ಮೇಲೆ, ಕೇಂದ್ರ ಸರ್ಕಾರ 1996ರ ಕಾಯಿದೆಯಂತೆ ಅವರನ್ನು ಪರಕೀಯರೆಂದು ಎಣಿಸಿ, 3,63,053 ಡಾಲರ್ ಆಸ್ತಿ ತೆರಿಗೆ ವಸೂಲು ಮಾಡಿತು. ಗಂಡ ತೀರಿಕೊಂಡ ಹೆಂಡತಿಗೆ ಆ ತೆರಿಗೆ ಬರುತ್ತಿರಲಿಲ್ಲ. ಆಕೆ ನ್ಯಾಯಾಲಯಕ್ಕೆ ಹೋದರು. 2013ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ ಐದು ನಾಲ್ಕರ ತೀರ್ಪಿನಲ್ಲಿ ಆಕೆಯ ಪರ ನಿಂತಿತು. ಸರಿಯಾಗಿ ಎರಡು ವರ್ಷದ ನಂತರ, ಅದೇ ತಾರೀಖಿನಂದು, ಸಲಿಂಗ ವಿವಾಹ ಇಡೀ ದೇಶದಲ್ಲಿ ಕಾನೂನಾಯಿತು. ಅವರ ಸಂಬಂಧವನ್ನು ವಿವಾಹವೆಂದು ಕರೆಯಲು ನಮ್ಮ ವಿಶ್ವಾಸ ಒಪ್ಪದೆ ಇರಬಹುದು. ಆದರೂ ಸಾವಿನ ಮನೆಯಲ್ಲಿ ಕುಳಿತ ಆ ಮುದುಕಿಗೆ ಹಾಗೆ ಮಾಡಿದ್ದು ಸರಿಯೇ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಲೆ ತಗ್ಗಿಸುತ್ತೇವೆ.

ಜಕ್ಕಾಯನನ್ನು ನೆನೆದುಕೊಳ್ಳಿ. ಅವನೂ ಸುಂಕ ವಸೂಲಿಯ ಅಧಿಕಾರಿ. ಮರದಿಂದ ಇಳಿದು ಬಂದವನು ತನ್ನ ಹಳೆಯ ದಾಖಲೆಗೆ ಸಮಜಾಯಿಷಿ ಕೊಡುತ್ತ ಕೂರಲಿಲ್ಲ. ಯಾರಿಂದಲಾದರೂ ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಅವನ ಗಮನ ತನ್ನ ಮೇಲಿನಿಂದ ತನ್ನಿಂದ ನಷ್ಟ ಉಂಡವರ ಕಡೆಗೆ ತಿರುಗಿತು. ಬದಲಾದ ನಾಯಕನಲ್ಲಿ ನಾವು ಹುಡುಕಬೇಕಾದ ಗುರುತು ಇದು. ನನ್ನ ವಿಚಾರ ಬೆಳೆಯಿತು ಎನ್ನುವ ಮಾತು ಸುಲಭ. ನನ್ನ ಮತದಿಂದ ಇಂಥವರಿಗೆ ಇಂಥ ನಷ್ಟವಾಯಿತು ಎನ್ನುವ ಮಾತು ಬಹಳ ಅಪರೂಪ.

ನಮ್ಮ ದೇಶದ ದಾಖಲೆಯೂ ದೂರದಲ್ಲಿಲ್ಲ. ಬ್ರಿಟಿಷರ ಕಾಲದ ದಂಡಸಂಹಿತೆಯ 377ನೆಯ ಕಲಮನ್ನು 2009ರಲ್ಲಿ ದೆಹಲಿ ಹೈಕೋರ್ಟ್ ಸಡಿಲಿಸಿತು, 2013ರಲ್ಲಿ ಸುಪ್ರೀಂ ಕೋರ್ಟ್ ಮರಳಿ ತಂದಿತು. ಆಗ ಮುಂಬಯಿಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಷಿಯಸ್, ಸಲಿಂಗ ವಿವಾಹಕ್ಕೆ ಧರ್ಮಸಭೆಯ ಒಪ್ಪಿಗೆ ಇಲ್ಲ, ಆದರೆ ಸಲಿಂಗಿಗಳನ್ನು ಅಪರಾಧಿಗಳೆಂದು ಧರ್ಮಸಭೆ ಎಂದೂ ಎಣಿಸಿಲ್ಲ ಎಂದು ಹೇಳಿದರು. 2015ರ ಡಿಸೆಂಬರ್‌ನಲ್ಲಿ ಶಶಿ ತರೂರ್ ಈ ಕಲಮಿಗೆ ತಿದ್ದುಪಡಿ ತರಲು ಹೊರಟಾಗ, ಮಸೂದೆಯನ್ನು ಮಂಡಿಸುವುದಕ್ಕೇ ಲೋಕಸಭೆ ಬಿಡಲಿಲ್ಲ. 71 ವಿರುದ್ಧ, 24 ಪರ. ಐನೂರಕ್ಕೂ ಹೆಚ್ಚು ಸದಸ್ಯರ ಮನೆಯಲ್ಲಿ ಮತ ಹಾಕಿದವರೇ ನೂರು ಜನ ಇರಲಿಲ್ಲ. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ವಿವಾಹದ ಹಕ್ಕನ್ನು 2023ರ ಅಕ್ಟೋಬರ್‌ನಲ್ಲಿ ಒಪ್ಪಲಿಲ್ಲ. ಅಮೆರಿಕದ ನಾಯಕರ ಎರಡು ನಾಲಿಗೆಯನ್ನಾದರೂ ವಿಡಿಯೊದಲ್ಲಿ ಹಿಡಿಯಬಹುದು. ಅಂದು ಸದನದಲ್ಲಿ ಇಲ್ಲದವರ, ಬಾಯಿ ಬಿಡದವರ ದಾಖಲೆಯನ್ನು ಹಿಡಿಯುವುದು ಕಷ್ಟ.

ಹಾಗೆಯೇ ನಮ್ಮ ದಾಖಲೆ. ಆ ಭಾನುವಾರ ಜಗಲಿಯಲ್ಲಿ ನಾವು ನಕ್ಕದ್ದನ್ನು ಯಾರೂ ವಿಡಿಯೊ ಮಾಡಲಿಲ್ಲ. ಆದರೆ ಒಬ್ಬರು ಕೇಳಿಸಿಕೊಂಡರು. ನಮ್ಮದು ಸಣ್ಣ ಸಮುದಾಯ. ಅಲ್ಪಸಂಖ್ಯಾತರೊಳಗೆ ಅಲ್ಪಸಂಖ್ಯಾತರು; ಭಾಷೆಯಿಂದ ಒಮ್ಮೆ, ಧರ್ಮದಿಂದ ಇನ್ನೊಮ್ಮೆ. ನಮ್ಮ ಬಗ್ಗೆ ಪರರು ಹಗುರವಾಗಿ ಮಾತಾಡಿದಾಗ ಎಲ್ಲಿ ಚುಚ್ಚುತ್ತದೆ ಎಂದು ಬಲ್ಲವರು. ನಮ್ಮ ಬೆಂಚುಗಳಲ್ಲಿ ಕುಳಿತು ಅದೇ ಪ್ರಾರ್ಥನೆ ಹೇಳುವ, ಅದೇ ಗೀತೆ ಹಾಡುವ ಯಾವ ಮಗ, ಯಾವ ಮಗಳು ಇಂಥ ನಗೆಯನ್ನು ಕೇಳಿ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾರೋ ನಮಗೆ ತಿಳಿಯದು.

ಮರುವಾರ ನಮ್ಮಲ್ಲಿ ಇಬ್ಬರು ಆ ತಾಯಿಯ ಮನೆಗೆ ಹೋದೆವು. ಏನನ್ನೂ ಕೆದಕಿ ಕೇಳಲಿಲ್ಲ. ಅಮ್ಮಾ, ಆ ದಿನ ನಾವು ಆಡಿದ ಮಾತು ಸರಿಯಿರಲಿಲ್ಲ ಎಂದಷ್ಟೇ ಹೇಳಿದೆವು. ಆಕೆ ಬಹಳ ಹೊತ್ತು ಮಾತಾಡಿದರು. ಅದು ಇಲ್ಲಿ ಬರೆಯುವಂಥದ್ದಲ್ಲ.

ಮುಂದಿನ ಚುನಾವಣೆಗೆ ಮತ್ತೆ ತುಣುಕುಗಳು ಬರುತ್ತವೆ, ಮತ್ತೆ ಚರ್ಚೆ ನಡೆಯುತ್ತದೆ, ನಡೆಯಲಿ. ಹಂಚುವ ಮೊದಲು ಇಷ್ಟನ್ನು ಕೇಳಿಕೊಳ್ಳೋಣ. ಈತ ತನ್ನ ಹಳೆಯ ಮಾತನ್ನು ಒಪ್ಪಿಕೊಂಡಿದ್ದಾನೆಯೇ? ಹೊಸ ಮಾತಿಗೆ ತಕ್ಕ ನಡೆ ಇದೆಯೇ? ನಷ್ಟ ಉಂಡವರ ಕಡೆ ತಿರುಗಿ ನೋಡಿದ್ದಾನೆಯೇ? ನಮ್ಮ ಪಕ್ಷದವನಾಗಿದ್ದರೂ ಇದೇ ಪ್ರಶ್ನೆ ಕೇಳುತ್ತಿದ್ದೆವೇ? ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ, ಜಗಲಿಯಲ್ಲಿ ಸುತ್ತ ಯಾರು ಯಾರು ಕುಳಿತಿದ್ದಾರೆ ಎಂದು ಒಮ್ಮೆ ನೋಡಿ ಮಾತು ಶುರು ಮಾಡೋಣ.